ಹೊಸ ಕಾರಾ, ಸೆಕೆಂಡ್ ಹ್ಯಾಂಡಾ? ಶೋರೂಮಿಗೆ ಮೊದಲು ಮನೆಯಲ್ಲೇ ಕೂತು ಲೆಕ್ಕ ಹಾಕಿ

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರು, ಹುಳಿಯಾರು, ಶಿರಾ, ಮಧುಗಿರಿ ದಾಟಿ ಬರುವ ರಸ್ತೆಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 234 ಎಂದು ಹೆಸರಿತ್ತು. ಅದೇ ರಸ್ತೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮುಟ್ಟಿಕೊಂಡು ತಮಿಳುನಾಡಿನ ವಿಳುಪ್ಪುರಂವರೆಗೆ ಹೋಗುತ್ತಿತ್ತು. ಈಗ ರಸ್ತೆಯ ನಂಬರು ಬದಲಾಗಿದೆ, ನೆಂಟಸ್ತಿಕೆ ಬದಲಾಗಿಲ್ಲ. ಅಂಗಡಿ, ಹೋಟೆಲು, ನೌಕರಿ ಎಂದು ಈ ಕಡೆ ಬಂದು ನೆಲೆಸಿದ ನಮ್ಮ ಬ್ಯಾರಿ ಮನೆಗಳಿಗೆ ಪೆರ್ನಾಲಿಗೂ, ಮದುವೆಗೂ, ಮರಣದ ಸುದ್ದಿ ಬಂದಾಗಲೂ ಊರಿಗೆ ಹೋಗಲೇಬೇಕು. ವಯಸ್ಸಾದ ಉಮ್ಮನನ್ನೂ ಸಣ್ಣ ಮಕ್ಕಳನ್ನೂ ಕರಕೊಂಡು ಬೆಂಗಳೂರಿನಲ್ಲಿ ಬಸ್ಸು ಬದಲಿಸುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಹಾಗಾಗಿ ಒಂದು ಕಾರು ಇರಲಿ ಎಂಬ ಮಾತು ಈಗ ಮನೆ ಮನೆಯಲ್ಲೂ ಉಂಟು.

ಹೆಚ್ಚಿನವರ ಕಣ್ಣು ಬೀಳುವುದು ಟಾಟಾ ಪಂಚ್, ಹುಂಡೈ ಎಕ್ಸ್‌ಟರ್, ಮಾರುತಿ ಫ್ರಾಂಕ್ಸ್, ನಿಸ್ಸಾನ್ ಮ್ಯಾಗ್ನೈಟ್ ತರದ ಸಣ್ಣ ಕ್ರಾಸ್‌ಓವರ್ ಮೇಲೆ. ಉದ್ದ ನಾಲ್ಕು ಮೀಟರಿನ ಒಳಗೆ, ಆದರೆ ನಿಲುವು ಸ್ವಲ್ಪ ಎತ್ತರ. ಮಂಡಿನೋವಿನ ಹಿರಿಯರಿಗೆ ಹತ್ತಿ ಇಳಿಯಲು ಸುಲಭ. ಹಳ್ಳಿಯ ಹಂಪು, ಹೊಂಡಕ್ಕೆ ಅಡಿ ತಾಗುವುದಿಲ್ಲ. ಪಂಚ್‌ನ ಅಡಿಯ ಎತ್ತರ 187 ಮಿಲಿಮೀಟರ್, ಮ್ಯಾಗ್ನೈಟ್‌ನದ್ದು 205. ಇಷ್ಟರವರೆಗೆ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು. ಚರ್ಚೆ ಶುರುವಾಗುವುದು ಹೊಸತು ತೆಗೆಯುವುದಾ, ಮೂರ್ನಾಲ್ಕು ವರ್ಷ ಓಡಿದ್ದು ತೆಗೆಯುವುದಾ ಎಂಬಲ್ಲಿ.

ಹೊಸ ಕಾರಿನ ಪೂರ್ತಿ ಬಿಲ್ಲು

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಮೊದಲು ಶೇ 28, ಅದರ ಮೇಲೆ ಸೆಸ್ ಬೇರೆ. ಈ ರಿಯಾಯಿತಿ ಸಿಗುವುದು ಉದ್ದ ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಗಾಡಿಗಳಿಗೆ. ಹೆಚ್ಚಿನ ಸಣ್ಣ ಕ್ರಾಸ್‌ಓವರ್‌ಗಳು ಈ ಗುಂಪಿನಲ್ಲೇ ಬರುತ್ತವೆ. ಹೊಸತು ತೆಗೆಯುವವರಿಗೆ ಇದು ನಿಜವಾದ ಲಾಭ.

ಆದರೆ ಜಾಹೀರಾತಿನಲ್ಲಿ ಕಾಣುವುದು ಎಕ್ಸ್ ಶೋರೂಂ ಬೆಲೆ ಮಾತ್ರ. 8 ಲಕ್ಷದ ಗಾಡಿ ಎಂದು ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 14, ಅಂದರೆ 1,12,000 ರೂಪಾಯಿ. ತೆರಿಗೆಯ ಮೇಲಿನ ಸೆಸ್ ಸೇರಿದರೆ ಒಂದೂಕಾಲು ಲಕ್ಷದ ಹತ್ತಿರ. ವಿಮೆ, ನೋಂದಣಿ ಖರ್ಚು ಕೂಡಿ ಗಾಡಿ ರಸ್ತೆಗೆ ಇಳಿಯುವಾಗ ಒಂಬತ್ತೂವರೆ ಲಕ್ಷ ದಾಟುತ್ತದೆ. ಬೆಲೆ 10 ಲಕ್ಷ ಮೀರಿದರೆ ತೆರಿಗೆ ಶೇ 17. ಒಂದು ಸನ್‌ರೂಫಿನ ಆಸೆಗೆ ಆ ಗೆರೆ ದಾಟಿದರೆ ತೆರಿಗೆಯಲ್ಲೇ 30 ಸಾವಿರ ಹೆಚ್ಚು ಹೋಗುತ್ತದೆ. ಬುಕ್ಕಿಂಗ್ ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ.

ಈ ತೆರಿಗೆಯ ಹಣ ಗಾಡಿ ಮಾರುವಾಗ ಕೈಗೆ ಬರುವುದಿಲ್ಲ. ಗಾಡಿಯ ಬೆಲೆಯೂ ಇಳಿಯುತ್ತಾ ಹೋಗುತ್ತದೆ. ವಿಮಾ ಕಂಪನಿಯವರು ಕಾರಿಗೆ ಬೆಲೆ ಕಟ್ಟುವ ಪಟ್ಟಿಯಲ್ಲಿ ಆರು ತಿಂಗಳು ದಾಟಿದ ಗಾಡಿಗೆ ಶೇ 15, ಎರಡು ವರ್ಷ ದಾಟಿದ್ದಕ್ಕೆ ಶೇ 30, ಮೂರು ದಾಟಿದ್ದಕ್ಕೆ ಶೇ 40 ಕಳೆಯುತ್ತಾರೆ. ಆ ಪಟ್ಟಿಯಂತೆ 8 ಲಕ್ಷದ ಕಾರು ಮೂರು ವರ್ಷ ದಾಟಿದಾಗ 4 ಲಕ್ಷ 80 ಸಾವಿರದ ಕಾರು. ಬೇಡಿಕೆ ಇರುವ ಗಾಡಿಗೆ ಮಾರ್ಕೆಟಿನಲ್ಲಿ ಇದಕ್ಕಿಂತ ಹೆಚ್ಚು ಸಿಗಬಹುದು. ಆದರೂ ಇಳಿಕೆಯ ದೊಡ್ಡ ಪಾಲನ್ನು ಮೊದಲ ಮಾಲೀಕನೇ ಹೊರುವುದು. ಕರ್ನಾಟಕದ ನೋಂದಣಿಯ ಸೆಕೆಂಡ್ ಹ್ಯಾಂಡ್ ಕಾರಿನ ಜೀವಾವಧಿ ತೆರಿಗೆಯನ್ನೂ ಅವನೇ ಕಟ್ಟಿರುತ್ತಾನೆ.

ಬಡ್ಡಿಯ ಮಾತು

ಹೊಸತು, ಹಳತು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಹಣ ಎಲ್ಲಿಂದ ಎಂಬುದು. 8 ಲಕ್ಷ ಸಾಲವನ್ನು ಶೇ 9ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 12,870 ರೂಪಾಯಿ. ಏಳು ವರ್ಷದಲ್ಲಿ ಕಟ್ಟುವುದು 10 ಲಕ್ಷ 81 ಸಾವಿರ. ಬಡ್ಡಿಯೊಂದೇ 2 ಲಕ್ಷ 81 ಸಾವಿರ. ಏಳನೇ ವರ್ಷದ ಕಂತು ಕಟ್ಟುವಾಗ ಕಾರಿಗೆ ಏನು ಬೆಲೆ ಇರುತ್ತದೆ ಎಂದು ನೀವೇ ಯೋಚಿಸಿ.

ರಿಬಾ ನಮಗೆ ಹರಾಮ್ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ‘ಮನೆಗೆ ಬೇಕೇ ಬೇಕು, ಏನು ಮಾಡುವುದು ಉಸ್ತಾದೇ’ ಎಂದು ಕೇಳುವವರು ಇದ್ದಾರೆ. ಅವರಿಗೆ ಹೇಳುವ ಮೊದಲ ಮಾತು ಇದು: ಬೇಕಾದದ್ದು ಕಾರು, ಹೊಸ ಕಾರು ಅಲ್ಲ. ಕೈಯಲ್ಲಿ ಐದೂವರೆ ಲಕ್ಷ ಇದ್ದರೆ ಅಷ್ಟರಲ್ಲೇ ಒಳ್ಳೆಯ ಗಾಡಿ ಸಿಗುವಾಗ ಬಡ್ಡಿಯ ಬಾಗಿಲಿಗೆ ಯಾಕೆ ಹೋಗಬೇಕು?

ಇನ್ನೊಂದು ದಾರಿಯೂ ಉಂಟು. ಮಾರುವವನು ನಗದಿಗೆ ಒಂದು ಬೆಲೆ, ಕಂತಿಗೆ ಸ್ವಲ್ಪ ಹೆಚ್ಚಿನ ಬೆಲೆ ಹೇಳಿ, ಕೊಳ್ಳುವವನು ಯಾವುದಾದರೂ ಒಂದನ್ನು ಖಚಿತ ಮಾಡಿ ಕರಾರು ಮಾಡಿಕೊಂಡರೆ ಅದು ವ್ಯಾಪಾರ, ಬಡ್ಡಿ ಅಲ್ಲ ಎಂದು ಬಹುಪಾಲು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಕಂತು ತಡವಾಯಿತೆಂದು ಆಮೇಲೆ ಬೆಲೆ ಏರಿಸುವ ಹಾಗಿಲ್ಲ. ಬಾವನದ್ದೋ, ಮಾಮನದ್ದೋ ಕಾರು ಮಾರಾಟಕ್ಕಿದ್ದರೆ ಹೀಗೆ ಬರವಣಿಗೆಯಲ್ಲಿ ಇಟ್ಟುಕೊಂಡು ತೆಗೆಯಬಹುದು. ಸಂಬಂಧದವರು ಎಂದು ಬಾಯಿ ಮಾತಿನಲ್ಲಿ ಬಿಡಬೇಡಿ. ಸಾಲದ ವ್ಯವಹಾರ ಬರೆದಿಡಿ ಎಂಬುದು ಕುರ್‌ಆನಿನ ಆದೇಶ.

ಅಂಗಡಿಯವರಿಗೆ ಒಂದು ಕಿವಿಮಾತು. ಮಾಲು ತರುವ ಬಂಡವಾಳವನ್ನು ಕಾರಿಗೆ ಹಾಕಬೇಡಿ. ಪೆರ್ನಾಲ್ ಸೀಸನ್ನಿಗೆ ಅಂಗಡಿ ತುಂಬಿಸಲು ಕೈಸಾಲ ಮಾಡುವ ಪರಿಸ್ಥಿತಿ ಬಂದರೆ ಬಾಗಿಲ ಮುಂದೆ ಹೊಳೆಯುವ ಗಾಡಿ ನಿಂತಿದ್ದು ಎಂತಕ್ಕೆ ಬಂತು?

ಓಡುವುದು ಎಷ್ಟು?

ಚಿಕ್ಕಬಳ್ಳಾಪುರದಿಂದ ಮಂಗಳೂರಿಗೆ ಹೋಗಿ ಬರಲು ಸುಮಾರು 800 ಕಿಲೋಮೀಟರ್. ವರ್ಷಕ್ಕೆ ನಾಲ್ಕು ಸಲ ಹೋದರೆ 3,200. ಊರೊಳಗೆ ದಿನಕ್ಕೆ 20 ಕಿಲೋಮೀಟರ್ ಓಡಿಸಿದರೂ ವರ್ಷಕ್ಕೆ ಏಳು ಸಾವಿರ. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಇಷ್ಟು ಓಟಕ್ಕೆ ಮೂರ್ನಾಲ್ಕು ವರ್ಷದ, 40 ಸಾವಿರ ಕಿಲೋಮೀಟರ್ ಒಳಗಿನ ಪೆಟ್ರೋಲ್ ಗಾಡಿ ಧಾರಾಳ ಸಾಕು. ಬೆಲೆಯ ಮೇಲೆ ಟಯರು, ಬ್ಯಾಟರಿ, ಸರ್ವಿಸಿಗೆಂದು 50 ಸಾವಿರ ಬೇರೆ ತೆಗೆದಿಡಿ.

ಗೌರಿಬಿದನೂರಿನಿಂದಲೋ ಚಿಂತಾಮಣಿಯಿಂದಲೋ ದಿನಾ ಬೆಂಗಳೂರಿಗೆ ಓಡಾಡುವವರ ಲೆಕ್ಕ ಬೇರೆ. ವರ್ಷಕ್ಕೆ 30 ಸಾವಿರ ದಾಟುವವರಿಗೆ, ಬಡ್ಡಿ ಸಾಲ ಇಲ್ಲದೆ ಹಣ ಹೊಂದಿಸಿದವರಿಗೆ, ಒಂದೇ ಗಾಡಿಯನ್ನು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಹೊಸತೇ ಒಳ್ಳೆಯದು. ವಾರಂಟಿ ಇರುತ್ತದೆ, ಸುರಕ್ಷತೆಯ ಸೌಲಭ್ಯವೂ ಹೆಚ್ಚು. ಎಕ್ಸ್‌ಟರ್ 2023ರಲ್ಲಿ ಬಂದಾಗಲೇ ಎಲ್ಲ ಮಾದರಿಗೂ ಆರು ಏರ್‌ಬ್ಯಾಗ್ ಕೊಟ್ಟಿತ್ತು. ಪಂಚ್‌ಗೆ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಸಿಕ್ಕಿದೆ. ಹಳೆಯದು ತೆಗೆಯುವವರು 2022ರ ನಂತರದ ಗಾಡಿ ನೋಡಿದರೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇದ್ದೇ ಇರುತ್ತದೆ. ಆ ವರ್ಷದಿಂದ ಅದು ಕಡ್ಡಾಯ.

ಪೇಟೆಯೊಳಗೆ ಮಾತ್ರ ಓಡಿಸುವವರು ಬಿಎಸ್6 ಡೀಸೆಲ್ ತೆಗೆಯಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರು ದೂರದ ಓಟ ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಆರೇಳು ಜನ ಇದ್ದರೆ ಇವು ಯಾವುದೂ ಸಾಲದು, ಎಲ್ಲವೂ ಐದು ಸೀಟಿನವು. ನಾಲ್ಕು ಮೀಟರಿನೊಳಗೆ ಏಳು ಸೀಟು ಬೇಕಾದರೆ ರೆನೋ ಟ್ರೈಬರ್ ನೋಡಿ.

ಹಳೆ ಕಾರು ನೋಡುವ ಕಣ್ಣು

ಗಾಡಿ ಎಲ್ಲಿ ಬದುಕಿತ್ತು ಎಂದು ಮೊದಲು ಕೇಳಿ. ಕೆಎ 19, 20, 21, 62, 70 ನಂಬರಿನ ಕರಾವಳಿಯ ಗಾಡಿ ಊರಿನವರದ್ದು ಎಂದು ಪ್ರೀತಿಯಿಂದ ತೆಗೆಯುತ್ತೇವೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಅದರ ಅಡಿಗೆ ಏನು ಮಾಡಿದೆ ಎಂದು ಲಿಫ್ಟಿಗೆ ಹಾಕಿಸಿ ನೋಡಿ. ಕೆಎ 40, ಕೆಎ 67ರ ಬಯಲುಸೀಮೆ ಗಾಡಿಗೆ ತುಕ್ಕಿನ ಕಾಟ ಕಡಿಮೆ. ಆದರೆ ಇಲ್ಲಿ ಕೊಳವೆಬಾವಿಯ ಗಡಸು ನೀರು. ಕೂಲಂಟ್ ಬದಲು ಆ ನೀರನ್ನೇ ರೇಡಿಯೇಟರಿಗೆ ಹೊಯ್ದಿದ್ದರೆ ಒಳಗೆ ಸುಣ್ಣ ಕಟ್ಟಿ, ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗುತ್ತದೆ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ಕೂಲಂಟಿಗೆ ಬಣ್ಣ ಇರಬೇಕು.

ಬೆಂಗಳೂರಿನಿಂದ ಬಂದ ಗಾಡಿಯಾದರೆ ನೆರೆಯ ನೀರು ಕುಡಿದಿದೆಯಾ ನೋಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಕೆಸರಿನ ಗುರುತು ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಗೆ ಕೈ ಹಾಕಿ ನೋಡಿ.

ಮೀಟರನ್ನೊಂದೇ ನಂಬಬೇಡಿ. ಕಂಪನಿಯ ಸರ್ವಿಸ್ ಸೆಂಟರಿನ ದಾಖಲೆ ಕೇಳಿ. ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದ ಟಯರು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೂರು ಮಾತಿಗಿಂತ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಕರಕೊಂಡು ಹೋಗುವುದು ಮೇಲು.

ಕಾಗದಪತ್ರ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿ ವಿಮೆ ಯಾವಾಗಿನವರೆಗೆ, ಮೇಲೆ ಸಾಲ ಇದೆಯಾ ನೋಡಿ. ಎಷ್ಟನೇ ಮಾಲೀಕ ಎಂಬುದು ಆರ್‌ಸಿಯಲ್ಲಿ ಸಿಗುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ಸಹಿ ಹಾಕಿದ ಖಾಲಿ ಫಾರಂ ಇಟ್ಟುಕೊಂಡು ಕೈಯಿಂದ ಕೈಗೆ ದಾಟಿಸುವ ಗಾಡಿ ಬೇಡ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಯ ಹಣ ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಮಾರಿದವರದ್ದು. ಗೌರಿಬಿದನೂರಿನವರಿಗೆ ಹಿಂದೂಪುರ ಹತ್ತಿರ, ಚಿಂತಾಮಣಿಯವರಿಗೆ ಮದನಪಲ್ಲಿ ಹತ್ತಿರ. ಆಂಧ್ರದ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಅಲ್ಲಿನ ಎನ್‌ಒಸಿ, ಇಲ್ಲಿನ ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲವೂ ಬೀಳುತ್ತದೆ. ಅದನ್ನೂ ಸೇರಿಸಿಯೇ ಬೆಲೆ ಮಾತಾಡಿ.

ಮಾರುವವರಿಗೂ ಒಂದು ಮಾತು

ಹೊಸತು ತೆಗೆಯುವವರು ಹಳೆಯದನ್ನು ಮಾರುತ್ತಾರಷ್ಟೆ. ಹೆಸರು ಬದಲಾಗುವವರೆಗೆ ನೀವೇ ಮಾಲೀಕರು. ಆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವರ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ.

ನಾವು ದಿನಾ ಆಡುವ ‘ಐಬು’ ಎಂಬ ಪದ ಅರಬ್ಬಿಯಿಂದ ಕನ್ನಡಕ್ಕೆ ಬಂದದ್ದು. ಮಾರುವ ವಸ್ತುವಿನ ಐಬನ್ನು ಮುಚ್ಚಿಟ್ಟು, ಆಮೇಲೆ ಅದು ಗೊತ್ತಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಉಂಟು. ಫಿಕ್ಹ್‌ನಲ್ಲಿ ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. ಇಬ್ಬರೂ ಒಪ್ಪಿ ಮೂರು ದಿನದವರೆಗೆ ಯೋಚಿಸುವ ಅವಕಾಶ ಇಟ್ಟುಕೊಳ್ಳುವುದಕ್ಕೂ ಶಾಫಿಈ ಮದ್‌ಹಬಿನಲ್ಲಿ ಜಾಗ ಇದೆ. ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಅಡಿಯಲ್ಲಿದ್ದ ಒದ್ದೆಯನ್ನು ಪ್ರವಾದಿಯವರು (ಸ.ಅ.) ಹೊರತೆಗೆದ ಪ್ರಸಂಗ ನಮಗೆಲ್ಲ ಗೊತ್ತು. ಬ್ರೋಕರ್ ಏನೇ ಹೇಳಲಿ, ಗೇರ್‌ಬಾಕ್ಸಿನ ಸದ್ದು, ಹಿಂದೆ ಆದ ಆ್ಯಕ್ಸಿಡೆಂಟು ಬಾಯಿಬಿಟ್ಟು ಹೇಳಿ. ಬೆಲೆ ಹತ್ತು ಸಾವಿರ ಇಳಿದರೆ ಇಳಿಯಲಿ.

ಕೊಳ್ಳುವವರು ಈ ವಾರ ಒಂದು ಕೆಲಸ ಮಾಡಿ. ಇಶಾ ನಮಾಜಿನ ನಂತರ ಮನೆಯವರೆಲ್ಲ ಕೂತು ಮೂರು ಅಂಕಿ ಬರೆಯಿರಿ: ಬಡ್ಡಿ ಇಲ್ಲದೆ ಹೊಂದುವ ಹಣ, ವರ್ಷದ ಓಟ, ಗಾಡಿಯಲ್ಲಿ ಕೂರುವ ಜನ. ಉಮ್ಮನನ್ನೂ ಹೆಂಡತಿಯನ್ನೂ ಕೇಳಿ. ಹಿಂದಿನ ಸೀಟಿನಲ್ಲಿ ಎಂಟು ಗಂಟೆ ಕೂರುವವರು ಅವರೇ. ಈ ಮೂರು ಅಂಕಿ ಕೈಯಲ್ಲಿದ್ದರೆ ಹೊಸತಾ, ಹಳತಾ ಎಂಬ ಪ್ರಶ್ನೆಗೆ ಉತ್ತರ ಮುಕ್ಕಾಲು ಪಾಲು ಮನೆಯಲ್ಲೇ ಸಿಗುತ್ತದೆ.