ಉಂಡದ್ದು ಜಠರದಲ್ಲೇ ಉಳಿದರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಯಾವ ಮೆಡಿಕಲ್ ಶಾಪಿನ ಮುಂದೆ ನಿಂತರೂ ‘ಗ್ಯಾಸಿಗೊಂದು ಮಾತ್ರೆ ಕೊಡಿ’ ಎನ್ನುವವರು ಸಿಗುತ್ತಾರೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಮಧ್ಯಾಹ್ನ ಉಂಡದ್ದು ಸಂಜೆಯಾದರೂ ಇಳಿಯದಿರುವುದು, ಉಬ್ಬರ, ತೇಗು, ವಾಕರಿಕೆ ಎಲ್ಲಕ್ಕೂ ಒಂದೇ ಮಾತ್ರೆ, ಇಲ್ಲವೇ ಮನೆಯಲ್ಲಿ ಕುದಿಸಿದ ಜೀರಿಗೆ ಕಷಾಯ. ಹಲವರಿಗೆ ಅಷ್ಟರಲ್ಲೇ ಹಗುರಾಗುತ್ತದೆ. ಆದರೆ ಕೆಲವರ ತೊಂದರೆ ಆಮ್ಲದ್ದಲ್ಲ, ಜಠರ ಖಾಲಿಯಾಗುವ ವೇಗದ್ದು. ದಾರಿಯಲ್ಲಿ ಗಡ್ಡೆಯಂಥ ಅಡ್ಡಿ ಏನೂ ಇಲ್ಲದಿದ್ದರೂ ಊಟ ಸಣ್ಣಕರುಳಿಗೆ ದಾಟುವುದು ತಡವಾಗುವ ಈ ಸ್ಥಿತಿಯನ್ನು ವೈದ್ಯರು ಗ್ಯಾಸ್ಟ್ರೋಪರೆಸಿಸ್ ಎನ್ನುತ್ತಾರೆ.

ಜಠರ ಖಾಲಿಯಾಗುವ ಬಗೆ

ಜಠರದ ಮೇಲ್ಭಾಗ ಸಡಿಲಗೊಂಡು ಊಟಕ್ಕೆ ಜಾಗ ಕೊಡುತ್ತದೆ. ಕೆಳಭಾಗ ನಿಮಿಷಕ್ಕೆ ಸುಮಾರು 3 ಬಾರಿ ಸಂಕುಚಿಸುತ್ತಾ ಒರಳಿನ ಹಾಗೆ ಅರೆಯುತ್ತದೆ. ಗಟ್ಟಿ ಆಹಾರ 1–2 ಮಿಲಿಮೀಟರ್ ಗಾತ್ರದ ಚೂರಾದ ಮೇಲೆಯೇ ತುದಿಯ ಬಾಗಿಲು ಅದನ್ನು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಗಂಜಿ, ಸಾರು ಬೇಗ ಇಳಿಯುತ್ತವೆ. ಕಡುಬು, ಅಕ್ಕಿ ರೊಟ್ಟಿ ನಿಧಾನ. ಎಣ್ಣೆ, ತುಪ್ಪ ಹೆಚ್ಚಿದ್ದರೆ ಇನ್ನೂ ನಿಧಾನ. ಈ ಕೆಲಸವನ್ನು ನಡೆಸುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ ಮತ್ತು ಜಠರದ ಗೋಡೆಯೊಳಗಿನ, ತಾಳ ಹಾಕುವ ಕೆಲವು ಜೀವಕೋಶಗಳು. ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇವೆರಡನ್ನೂ ಕೆಡಿಸುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ, ವೈರಸ್ ಸೋಂಕು, ಅಫೀಮು ಜಾತಿಯ ನೋವಿನ ಔಷಧಗಳೂ ಕಾರಣವಾಗಬಹುದು. ತೂಕ ಇಳಿಸಲು, ಸಕ್ಕರೆ ತಗ್ಗಿಸಲು ಈಗ ಬಳಕೆಗೆ ಬಂದಿರುವ ಸೆಮಾಗ್ಲುಟೈಡ್‌ನಂಥ ಔಷಧಗಳೂ ಜಠರವನ್ನು ನಿಧಾನಗೊಳಿಸುತ್ತವೆ. ಎಷ್ಟೋ ರೋಗಿಗಳಲ್ಲಿ ಕಾರಣವೇ ಸಿಗುವುದಿಲ್ಲ.

ಎಷ್ಟು ಜನರಿಗೆ?

ಲಕ್ಷಣ ಸಾಮಾನ್ಯ, ಖಚಿತವಾದ ಕಾಯಿಲೆ ಅಪರೂಪ. ಅಮೆರಿಕದ ಮಿನೆಸೋಟಾ ರಾಜ್ಯದ ಓಮ್‌ಸ್ಟೆಡ್ ಕೌಂಟಿಯ ವೈದ್ಯಕೀಯ ದಾಖಲೆಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪರೀಕ್ಷೆಯಿಂದ ದೃಢಪಟ್ಟ ಗ್ಯಾಸ್ಟ್ರೋಪರೆಸಿಸ್ ಅಲ್ಲಿ ಲಕ್ಷಕ್ಕೆ ಸುಮಾರು 24 ಜನರಲ್ಲಿತ್ತು: ಹೆಂಗಸರಲ್ಲಿ 38, ಗಂಡಸರಲ್ಲಿ 10. ನಮ್ಮ ಮೂರು ತಾಲ್ಲೂಕುಗಳ ಒಟ್ಟು ಜನಸಂಖ್ಯೆ 2 ಲಕ್ಷದೊಳಗೆ. ಅದೇ ದರವನ್ನು ಇಲ್ಲಿಗೆ ಹಚ್ಚಿದರೆ 50 ಜನರೂ ಆಗುವುದಿಲ್ಲ. ಆದರೆ ಇದು ಪರೀಕ್ಷೆ ಮಾಡಿಸಿಕೊಂಡವರ ಲೆಕ್ಕ ಮಾತ್ರ. ಅದೇ ಕೌಂಟಿಯಲ್ಲಿ ಲಕ್ಷಣಗಳನ್ನು ಆಧರಿಸಿ 2012ರಲ್ಲಿ ಮಾಡಿದ ಅಂದಾಜು ನೂರಕ್ಕೆ 1.8ರಷ್ಟಿತ್ತು. ಎರಡು ಸಂಖ್ಯೆಗಳ ನಡುವೆ ಇರುವವರಲ್ಲಿ ಹಲವರು ಗುರುತು ಸಿಗದ ರೋಗಿಗಳಿರಬಹುದು.

ಸಕ್ಕರೆ ಕಾಯಿಲೆಯವರು ಹೆಚ್ಚಿದಂತೆ ಈ ಲೆಕ್ಕ ಮುಖ್ಯವಾಗುತ್ತದೆ. ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2023ರ ವರದಿಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ.

ಹೊರೆ ಎಲ್ಲಿ ಬೀಳುತ್ತದೆ?

ಇನ್ಸುಲಿನ್ ಹಾಕಿಕೊಳ್ಳುವವರೊಬ್ಬರನ್ನು ಊಹಿಸಿಕೊಳ್ಳಿ. ಚುಚ್ಚಿಕೊಂಡು ಮೂರು ಕಡುಬು ತಿನ್ನುತ್ತಾರೆ. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುತ್ತದೆ, ಕಡುಬು ಮಾತ್ರ ಇನ್ನೂ ಜಠರದಲ್ಲೇ ಇದೆ. ರಕ್ತದಲ್ಲಿ ಸಕ್ಕರೆ ಕುಸಿದು ಕೈ ನಡುಗುತ್ತದೆ, ಬೆವರೊಡೆಯುತ್ತದೆ. ಹೊತ್ತು ಕಳೆದ ಮೇಲೆ ಕಡುಬು ಕರುಳಿಗಿಳಿದಾಗ ಸಕ್ಕರೆ ಒಮ್ಮೆಲೇ ಏರುತ್ತದೆ. ಏರಿದ ಸಕ್ಕರೆ ಜಠರವನ್ನು ಮತ್ತಷ್ಟು ನಿಧಾನ ಮಾಡುತ್ತದೆ. ಮನೆಯವರಿಗೆ ಇದು ‘ಪಥ್ಯ ಮಾಡುವುದಿಲ್ಲ’ ಎಂಬ ಹಟದಂತೆ ಕಾಣುತ್ತದೆ. ಇದರ ಮೇಲೆ ವಾಂತಿಯಿಂದ ನಿರ್ಜಲೀಕರಣ, ತೂಕ ಇಳಿಕೆ, ನುಂಗಿದ ಮಾತ್ರೆ ಹೊತ್ತಿಗೆ ಕೆಲಸ ಮಾಡದಿರುವುದು, ಮತ್ತೆ ಮತ್ತೆ ಡ್ರಿಪ್, ಕಳೆದುಹೋದ ಕೂಲಿ.

ಪರೀಕ್ಷೆ

ಲಕ್ಷಣ ನೋಡಿಯೇ ಹೇಳಲಾಗದು. ಜಠರ ಸರಿಯಾದ ವೇಗದಲ್ಲೇ ಖಾಲಿಯಾದರೂ ಹೀಗೆಲ್ಲ ಆಗಬಹುದು. ಅದಕ್ಕೆ ಫಂಕ್ಷನಲ್ ಡಿಸ್‌ಪೆಪ್ಸಿಯಾ ಎಂಬ ಹೆಸರಿದೆ, ಗ್ಯಾಸ್ಟ್ರೋಪರೆಸಿಸ್‌ಗಿಂತ ಅದೇ ಬಹಳ ಸಾಮಾನ್ಯ. ಮೊದಲು ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ, ಬಳಿಕ ಹುಣ್ಣು, ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಎಂಡೋಸ್ಕೋಪಿ. ಆಮೇಲೆ ಸಿಂಟಿಗ್ರಫಿ: ಅತ್ಯಲ್ಪ ವಿಕಿರಣಶೀಲ ಟೆಕ್ನೀಷಿಯಂ ಬೆರೆಸಿದ ಆಹಾರ ತಿನ್ನಿಸಿ, 4 ಗಂಟೆಯವರೆಗೆ ಆಗಾಗ ಜಠರದ ಚಿತ್ರ ತೆಗೆಯುತ್ತಾರೆ. ಮೊಟ್ಟೆಯ ಬಿಳಿಭಾಗದ ನಿಗದಿತ ಊಟದಲ್ಲಿ 4 ಗಂಟೆಯ ಬಳಿಕವೂ ನೂರಕ್ಕೆ 10ಕ್ಕಿಂತ ಹೆಚ್ಚು ಉಳಿದಿದ್ದರೆ ವಿಳಂಬವಿದೆ ಎಂದರ್ಥ. ಮೊಟ್ಟೆ ತಿನ್ನದವರು ಮೊದಲೇ ಹೇಳಬೇಕು. ಊಟ ಬದಲಾದರೆ ಸಹಜ ಮಟ್ಟದ ಲೆಕ್ಕವೂ ಬದಲಾಗುತ್ತದೆ.

ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆ ಬೇಕು. ನಮ್ಮ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇನ್ನೂ ಮುಂದೆ ಮಂಗಳೂರಿಗೋ ಹೋಗಬೇಕು. ಯಾವ ಔಷಧವನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಫೋನಿನಲ್ಲೇ ಕೇಳಿಕೊಂಡು ಹೊರಟರೆ ಒಂದು ಪ್ರಯಾಣ ಉಳಿಯುತ್ತದೆ. ಒಂದು ಪರೀಕ್ಷೆಯೇ ಕೊನೆಯ ಮಾತೂ ಅಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ಒಂದು ವರ್ಷದ ಬಳಿಕ ಪರೀಕ್ಷೆ ಮತ್ತೆ ಮಾಡಿದಾಗ, ನೂರಕ್ಕೆ ಸುಮಾರು 40 ರೋಗಿಗಳ ಫಲಿತಾಂಶ ಅದಲುಬದಲಾಗಿತ್ತು.

ಊಟ, ಔಷಧ

ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಮೆತ್ತಗೆ ಬೆಂದ ಅನ್ನ, ಗಂಜಿ, ಇಡ್ಲಿ, ತಿಳಿಸಾರು, ಕಡೆದ ಮಜ್ಜಿಗೆ ನಡೆಯುತ್ತವೆ. ಕರಿದದ್ದು ಕಡಿಮೆ. ಹಲಸಿನ ತೊಳೆ, ಕಳಲೆ, ನಾರಿನ ಸೊಪ್ಪು ಎಲ್ಲರಿಗೂ ಒಳ್ಳೆಯದೇ, ಆದರೆ ಈ ರೋಗಿಗಳ ಜಠರದಲ್ಲಿ ನಾರು ಗಂಟುಕಟ್ಟಬಹುದು. ಹೊಗೆಸೊಪ್ಪು ಹಾಕಿದ ಕವಳ, ಸಿಗರೇಟು, ಮದ್ಯ ಬಿಡಬೇಕು. ಉಂಡ ಕೂಡಲೇ ಮಲಗದೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ.

ಆಮ್ಲ ತಗ್ಗಿಸುವ ಮಾತ್ರೆ ಜಠರವನ್ನು ಚುರುಕುಗೊಳಿಸುವುದಿಲ್ಲ. ಚುರುಕುಗೊಳಿಸುವ ಔಷಧಗಳಿಗೂ ಎಚ್ಚರ ಬೇಕು. ಮೆಟೊಕ್ಲೊಪ್ರಮೈಡ್ ಬಹುಕಾಲ ತೆಗೆದುಕೊಂಡರೆ ಮುಖ, ನಾಲಿಗೆಯ ಸ್ನಾಯು ತಾನೇ ಅಲುಗುವ ತೊಂದರೆ ಬರಬಹುದು. 12 ವಾರ ಮೀರಬಾರದೆಂದು ಅಮೆರಿಕದ ಔಷಧ ಇಲಾಖೆ 2009ರಲ್ಲೇ ಎಚ್ಚರಿಸಿದೆ. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತ ಏರುಪೇರು ಮಾಡುತ್ತದೆ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವ ಔಷಧಗಳಲ್ಲ ಇವು.

ಹಲವು ಗಂಟೆ ಮೊದಲು ಉಂಡದ್ದೇ ವಾಂತಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಊಟವಾದ ಮೇಲೂ ಸಕ್ಕರೆ ಕುಸಿಯುವುದು ಕಂಡರೆ ಈ ವಾರವೇ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ರಕ್ತವಾಂತಿ, ಕಪ್ಪು ಮಲ, ನೀರೂ ನಿಲ್ಲದ ವಾಂತಿ ಇದ್ದರೆ ಅಂದೇ ಹೊರಡಿ. ಏನು ಉಂಡಿರಿ, ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು, ಸಕ್ಕರೆ ಎಷ್ಟಿತ್ತು ಎಂಬ ಒಂದು ವಾರದ ಬರಹ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.