ಸಹಿ ಹಾಕೋ ಮುಂಚೆ ನಾಲ್ಕು ರಷ್ಯನ್ ಪದ

2022ರ ಮಾರ್ಚ್ ಮೊದಲ ವಾರ. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿ ಎರಡು ದಿನವಾಗಿತ್ತು. ಸ್ಟುಡಿಯೋದಲ್ಲಿ ನನ್ನ ಹಿಂದಿನ ಪರದೆಯ ಮೇಲೆ ಆ ಊರಿನ ಒಡೆದುಹೋದ ಬೀದಿಗಳು. ಒಂದು ಕಟ್ಟಡದ ಮೇಲೆ ದೊಡ್ಡ ಬೋರ್ಡ್ ಕಾಣಿಸಿತು. ಲೈವ್‌ನಲ್ಲಿ, ಎಲ್ಲಾ ಗೊತ್ತಿರೋನ ಥರ, "ಪೆಕ್ಟೋಪಾ ಅನ್ನೋ ಕಟ್ಟಡಕ್ಕೆ ಹಾನಿಯಾಗಿದೆ" ಅಂದುಬಿಟ್ಟೆ. ಕಾರ್ಯಕ್ರಮ ಮುಗಿದ ಮೇಲೆ, ಅಲ್ಲಿಂದ ಆಗಷ್ಟೇ ವಾಪಸ್ ಬಂದಿದ್ದ ಮೆಡಿಕಲ್ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. "ಸರ್, ಅದು ಪೆಕ್ಟೋಪಾ ಅಲ್ಲ. ರೆಸ್ಟೋರೆಂಟ್."

ಉಕ್ರೇನಿಗೆ ತನ್ನದೇ ಭಾಷೆ ಇದೆ, ಅದು ರಷ್ಯನ್ ಅಲ್ಲ. ಆದರೆ ಎರಡೂ ಭಾಷೆಗಳ ಲಿಪಿ ಹೆಚ್ಚುಕಡಿಮೆ ಒಂದೇ, ಈ ಪದವನ್ನು ಇಬ್ಬರೂ ಒಂದೇ ಥರ ಬರೀತಾರೆ. ತಪ್ಪು ನನ್ನದೇ. ಆವತ್ತು ರಾತ್ರಿ ಮನೆಗೆ ಹೋಗಿ ರಷ್ಯನ್ ಅಕ್ಷರಮಾಲೆ ತೆರೆದು ಕೂತೆ.

ಒಟ್ಟು 33 ಅಕ್ಷರ. 49 ಅಕ್ಷರ ತಿದ್ದಿ ಬೆಳೆದ ನಮಗೆ ಇದೇನು ಮಹಾ? ತೊಂದರೆ ಕೊಡೋದು ಹೊಸ ಅಕ್ಷರಗಳಲ್ಲ, ಗೊತ್ತಿರುವ ಹಾಗೆ ಕಾಣುವ ಅಕ್ಷರಗಳು. ಇಂಗ್ಲಿಷಿನ ಪಿ ಥರ ಕಾಣೋದು ಇಲ್ಲಿ ರ. ಸಿ ಥರ ಕಾಣೋದು ಸ. ಎಚ್ ಅಂದುಕೊಂಡಿದ್ದು ನ. ಬಿ ಅನ್ನಿಸಿದ್ದು ವ. ಎಕ್ಸ್ ಕಂಡರೆ ಗಂಟಲಿನಿಂದ ಖ ಅನ್ನಬೇಕು. ಈ ಐದಾರು ವೇಷಧಾರಿಗಳನ್ನು ಹಿಡಿದುಬಿಟ್ಟರೆ ಪೆಕ್ಟೋಪಾ ತಾನಾಗಿಯೇ 'ರಿಸ್ತರಾನ್' ಆಗುತ್ತದೆ. ಉಳಿದದ್ದರಲ್ಲಿ ಹಲವು ಅಕ್ಷರಗಳು ಗ್ರೀಕಿನಿಂದ ಬಂದವು. ನನ್ನ ಹಾಗೆ ಎಂಜಿನಿಯರಿಂಗ್ ಓದಿದವರಿಗೆ ಪೈ, ಫೈ, ಗಾಮಾ, ಲ್ಯಾಂಬ್ಡಾ ನಾಲ್ಕು ವರ್ಷ ಕಾಡಿದ ಮುಖಗಳೇ. ಮೊದಲ ಬಾರಿಗೆ ಅವು ಲೆಕ್ಕ ಕೇಳದೆ ಸುಮ್ಮನೆ ಪ, ಫ, ಗ, ಲ ಆಗಿ ನಿಂತಿದ್ದು ನೋಡಿ ಖುಷಿಯಾಯಿತು.

ಅಕ್ಷರ ಒಂದು ವಾರದ ಕೆಲಸ. ಪದಗಳ ವಿಷಯಕ್ಕೆ ಬಂದಾಗ ನಾನು ಎಲ್ಲರೂ ಮಾಡೋ ತಪ್ಪು ಮಾಡಿದೆ. ಇಂಗ್ಲಿಷ್ ಮೂಲಕ ಕಲಿಯೋಕೆ ಹೋದೆ. ಪುಸ್ತಕ ಶುರುವಾಗುವುದೇ ಎಚ್ಚರಿಕೆಗಳಿಂದ. ರಷ್ಯನ್ನಲ್ಲಿ 'ಈಸ್' ಇಲ್ಲ, 'ದಿ' ಇಲ್ಲ, 'ಹ್ಯಾವ್' ಬೇರೆ ಥರ, ಹುಷಾರು! ಎರಡು ತಿಂಗಳು ಹುಷಾರಾಗಿಯೇ ಇದ್ದೆ, ಏನೂ ತಲೆಗೆ ಹೋಗಲಿಲ್ಲ. ಒಂದು ದಿನ ಪಕ್ಕದಲ್ಲಿ ಕನ್ನಡ ಬರೆದುಕೊಂಡು ನೋಡಿದೆ. 'ಎತ ದೋಮ್' ಅಂದರೆ 'ಇದು ಮನೆ'. ಮುಗೀತು. 'ಯಾ ಸ್ತುದ್ಯೆಂತ್', 'ನಾನು ವಿದ್ಯಾರ್ಥಿ'. ಕನ್ನಡದಲ್ಲಿ ಮಾತ್ರ 'ಈಸ್' ಎಲ್ಲಿದೆ ಸ್ವಾಮಿ?

'ನನಗೆ ಪಾಸ್‌ಪೋರ್ಟ್ ಇದೆ' ಅನ್ನುವ ಬದಲು 'ನನ್ನ ಹತ್ತಿರ ಪಾಸ್‌ಪೋರ್ಟ್ ಇದೆ' ಅಂತೀವಲ್ಲ, ರಷ್ಯನ್ನರೂ ಹಾಗೇ: 'ಉ ಮಿನ್ಯಾ ಯೆಸ್ತ್ ಪಾಸ್ಪರ್ತ್'. 'ಉ ಮಿನ್ಯಾ' ಅಂದರೆ ನನ್ನ ಹತ್ತಿರ, 'ಯೆಸ್ತ್' ಅಂದರೆ ಇದೆ. ಚಳಿಯಾದರೆ ನಾವು 'ನಾನು ಚಳಿ' ಅನ್ನಲ್ಲ, 'ನನಗೆ ಚಳಿ' ಅಂತೀವಿ. ಅವರೂ 'ಮ್ನ್ಯೆ ಖೋಲದ್ನ' ಅಂತಾರೆ. 'ಮ್ನ್ಯೆ' ಅಂದರೆ ನನಗೆ. ಇಷ್ಟ, ಬೇಕು, ಬೇಜಾರು, ಹುಷಾರಿಲ್ಲ, ಎಲ್ಲದಕ್ಕೂ ಅದೇ 'ನನಗೆ'. ನೀನು, ನೀವು ಅನ್ನೋ ವ್ಯತ್ಯಾಸವೂ ಉಂಟು: ಸಲಿಗೆಗೆ 'ತಿ', ಮರ್ಯಾದೆಗೆ 'ವಿ'. ಇಂಗ್ಲಿಷ್ ಮಾತಾಡೋನಿಗೆ ಇದನ್ನೆಲ್ಲ ಕಲಿಸಬೇಕು. ನಮಗೆ ನೆನಪಿಸಿದರೆ ಸಾಕು.

ಇಲ್ಲಿ ಒಂದು ವಾಟ್ಸ್ಆ್ಯಪ್ ವಿಷಯ ಹೇಳಲೇಬೇಕು. ರಷ್ಯನ್ ಹುಟ್ಟಿದ್ದೇ ಸಂಸ್ಕೃತದಿಂದ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಹೋಲಿಕೆ ಇರೋದು ನಿಜ. ದ್ವಾ, ತ್ರಿ ಅಂದರೆ ಎರಡು, ಮೂರು. ದ್ವೇರ್ ಬಾಗಿಲು, ನಮ್ಮ ದ್ವಾರ. ಅಗೋನ್ ಬೆಂಕಿ, ಅಗ್ನಿ. ನೋವಿ ಹೊಸದು, ನವ. ವದಾ ನೀರು, ಅಂದರೆ ಉದಕ. ಈ ವದಾ ಚಿಕ್ಕದಾಗಿ ಮುದ್ದಿನ ರೂಪ ತಾಳಿದರೆ ವೋಡ್ಕಾ. ಸ್ಪುಟ್ನಿಕ್ ಬಿಡಿಸಿದರೆ 'ಸ್' ಜೊತೆ, 'ಪುತ್' ದಾರಿ, ಒಟ್ಟಿಗೆ ಸಹಪಯಣಿಗ. ಆ ಪುತ್ ನಮ್ಮ ಪಥದ ನೆಂಟ. ಆದರೆ ಒಂದರಿಂದ ಇನ್ನೊಂದು ಹುಟ್ಟಿಲ್ಲ. ಬರವಣಿಗೆಗೂ ಮುಂಚಿನ ಒಂದು ಹಳೆಯ ಭಾಷೆಯಿಂದ ಎರಡೂ ಕವಲೊಡೆದವು, ದೂರದ ದಾಯಾದಿಗಳ ಥರ. ಇನ್ನು ಕನ್ನಡದ ಮನೆತನವೇ ಬೇರೆ, ದ್ರಾವಿಡ. ದ್ವಾರ, ಅಗ್ನಿ ನಮಗೆ ಸಂಸ್ಕೃತದಿಂದ ಬಂದ ಎರವಲು. 'ನನಗೆ ಚಳಿ'ಯ ಹೋಲಿಕೆ ನೆಂಟಸ್ತಿಕೆಯಿಂದ ಬಂದದ್ದಲ್ಲ. ನೆನಪಿಟ್ಟುಕೊಳ್ಳೋಕೆ ಎರಡೂ ಉಪಯೋಗಕ್ಕೆ ಬರುತ್ತವೆ, ಇತಿಹಾಸ ಬರೆಯೋಕೆ ಬೇಡ.

ಹೋಲಿಕೆ ಕೈಕೊಡುವ ಜಾಗಗಳೂ ಇವೆ. 'ಮಗಜೀನ್' ಅಂದರೆ ಪತ್ರಿಕೆ ಅಲ್ಲ, ಅಂಗಡಿ. ಅರ್ಜಿಯ ಮೊದಲ ಕಾಲಂ 'ಫಮೀಲಿಯಾ' ಅಂತಿದ್ದರೆ ಮನೆಯವರ ಪಟ್ಟಿ ಬರೆಯಬೇಡಿ, ಕೇಳಿರೋದು ನಿಮ್ಮ ಅಡ್ಡಹೆಸರು. ಒತ್ತು ಬೀಳುವ ಜಾಗ ಇನ್ನೊಂದು ತಲೆನೋವು. 'ಮೂಕ' ಅಂತ ಮೊದಲಕ್ಷರ ಎಳೆದರೆ ಯಾತನೆ, 'ಮುಕಾ' ಅಂತ ಕೊನೆಯದನ್ನು ಎಳೆದರೆ ಹಿಟ್ಟು. ಒತ್ತು ಬೀಳದ ಓ ಸ್ವರ ಅ ಆಗಿಬಿಡುತ್ತದೆ. ಹಾಗಾಗಿ ಬರೆಯೋದು ಮೊಲೊಕೊ, ಅನ್ನೋದು 'ಮಲಕೋ', ಹಾಲು. ಬರೆದ ಹಾಗೇ ಓದುವ ಅಭ್ಯಾಸದ ಕನ್ನಡಿಗರು ಇಲ್ಲೇ ಎಡವೋದು. ಪದವನ್ನು ಕಣ್ಣಿಂದ ಕಲಿಯಬೇಡಿ, ಕಿವಿಯಿಂದ ಕಲಿಯಿರಿ.

ಇಷ್ಟೆಲ್ಲಾ ನನಗೆ ಹವ್ಯಾಸವಾಗಿತ್ತು, 2024ರ ಫೆಬ್ರವರಿಯವರೆಗೆ. ಆ ತಿಂಗಳು ಕಲಬುರಗಿ ಜಿಲ್ಲೆಯ ಯುವಕರ ಸುದ್ದಿ ಬಂತು. ಸೆಕ್ಯುರಿಟಿ ಕೆಲಸ, ಸಹಾಯಕನ ಕೆಲಸ ಅಂತ ನಂಬಿಸಿ ಏಜೆಂಟರು ಅವರನ್ನು ರಷ್ಯಾಕ್ಕೆ ಕಳಿಸಿದ್ದರು. ಅಲ್ಲಿ ಅವರು ಸೇರಿದ್ದು ಯುದ್ಧದ ಕಣ. ಬೇರೆ ಬೇರೆ ರಾಜ್ಯಗಳ ಹುಡುಗರೂ ಹೀಗೇ ಸಿಕ್ಕಿಬಿದ್ದಿದ್ದರು, ಕೆಲವರು ಹೆಣವಾಗಿ ಬಂದರು. ಓದೋಕೆ ಬಾರದ ರಷ್ಯನ್ ಕಾಗದಕ್ಕೆ ಸಹಿ ಹಾಕಿದ್ದೆವು ಅಂತ ಹಲವರು ಹೇಳಿಕೊಂಡರು. ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದರು. ಕಲಬುರಗಿಯ ಹುಡುಗರು ಮನೆ ಸೇರುವಾಗ ಸೆಪ್ಟೆಂಬರ್ ಆಗಿತ್ತು.

ರಷ್ಯಾದ ಸೇನೆ ಸೇರುವವರು ಸಹಿ ಹಾಕುವ ಕರಾರಿನ ತಲೆಬರಹದಲ್ಲೇ ಮೂರು ಪದ ಇವೆ. 'ಕಂತ್ರಾಕ್ತ್', ಇದು ಕೇಳಿದರೇ ಗೊತ್ತಾಗುತ್ತೆ. ಇನ್ನೆರಡು 'ವಯೆನ್ನಯ್ ಸ್ಲೂಝ್ಬಿ'. ಪಾಕೆಟ್ ನಿಘಂಟಿನಲ್ಲಿ ಹುಡುಕಿದರೆ ಆ ರೂಪದಲ್ಲಿ ಸಿಗಲ್ಲ, ಏಕೆಂದರೆ ಅದಕ್ಕೆ ವಿಭಕ್ತಿ ಹತ್ತಿದೆ. 'ಸ್ಲೂಝ್ಬ' ಅಂದರೆ ಸೇವೆ, 'ಸ್ಲೂಝ್ಬಿ' ಅಂದರೆ ಸೇವೆಯ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಷಷ್ಠಿ! ಪಕ್ಕದ ವಿಶೇಷಣವೂ ಬಾಲ ಬದಲಿಸಿಕೊಂಡಿದೆ, ಮೂಲ ರೂಪ 'ವಯೆನ್ನಿ', ಸೇನೆಗೆ ಸಂಬಂಧಪಟ್ಟದ್ದು. ಒಟ್ಟಿಗೆ, ಸೇನಾ ಸೇವೆಯ ಕರಾರು. ರಷ್ಯನ್ನಿಗೆ ಇಂಥ ವಿಭಕ್ತಿ ಆರು. ಪದದ ಬಾಲ ಬಿಟ್ಟು ತಲೆ ಹಿಡಿಯೋದು ಮರದಿಂದ, ಮರಕ್ಕೆ, ಮರದಲ್ಲಿ ಅಂತ ಕಲಿತ ನಮಗೆ ಸುಲಭ. ನಾಲ್ಕನೇ ಪದ 'ರಬೋತ', ಕೆಲಸ. ಏಜೆಂಟ್ ಆಸೆ ತೋರಿಸೋದು ಇದನ್ನೇ. ಅದರ ಬೇರು 'ರಬ್', ಗುಲಾಮ. ರೋಬೋಟ್ ಅನ್ನೋ ಪದ ಬಂದ ಚೆಕ್ ಭಾಷೆಯ ಮಾತೂ ಇದೇ ಬುಡದ್ದು.

ಭಾಷೆ ಬಂದಿದ್ದರೆ ಯಾರೂ ಮೋಸಹೋಗ್ತಿರಲಿಲ್ಲ ಅಂತ ನಾನು ಹೇಳಲ್ಲ. ಮೋಸ ಮಾಡಿದವರು ಏಜೆಂಟರು, ಹುಡುಗರಲ್ಲ. ಕನ್ನಡದಲ್ಲೇ ಬರೆದ ಸಾಲಪತ್ರಕ್ಕೆ ಓದದೆ ಸಹಿ ಹಾಕಿದವರು ನಮ್ಮೂರಲ್ಲೇ ಎಷ್ಟಿಲ್ಲ? ಆದರೂ ಕಾಗದದ ಮೇಲೆ 'ವಯೆನ್' ಅಂತ ಶುರುವಾಗುವ ಪದ ಕಂಡಾಗ ಪೆನ್ ಹಿಡಿದ ಕೈ ಒಂದು ಕ್ಷಣ ನಿಲ್ಲಬೇಕಿತ್ತು.

ಎಂಬಿಬಿಎಸ್‌ಗೆ ಹೋಗುವವರಿಗೆ ಅಪಾಯ ಇಷ್ಟು ದೊಡ್ಡದಲ್ಲ. ಆದರೆ ಪಾಠ ಇಂಗ್ಲಿಷಿನಲ್ಲಿದ್ದರೂ ವಾರ್ಡಿನಲ್ಲಿ ಮಲಗಿರೋ ಅಜ್ಜಿ ಮಾತಾಡೋದು ರಷ್ಯನ್ನೇ. 'ಗ್ದ್ಯೆ ಬಲೀತ್?' ಅಂದರೆ ಎಲ್ಲಿ ನೋವು? ಆ 'ಬೋಲ್' ಅನ್ನೋ ನೋವಿನಿಂದಲೇ ಆಸ್ಪತ್ರೆಗೆ 'ಬಲ್ನೀತ್ಸ' ಅನ್ನೋ ಹೆಸರು. ಅಜ್ಜಿ 'ಉ ಮಿನ್ಯಾ ಬಲೀತ್ ಗಲವಾ' ಅಂದರೆ ತಲೆನೋವು. 'ಉ ಮಿನ್ಯಾ' ಮೇಲೇ ಕಲಿತಿದ್ದೀರಿ.

ಮೊನ್ನೆ ಬೀದರ್ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. ಮಗ ಮುಂದಿನ ತಿಂಗಳು ರಷ್ಯಾಕ್ಕೆ ಓದೋಕೆ ಹೊರಟಿದ್ದಾನೆ. "ನೀವು ಟೀವಿಯಾಗ ರಷ್ಯನ್ ಮಾತಾಡಿದ್ರಿ. ಅವನಿಗಿ ಮದಲ ಏನ್ ಕಲೀಲಿಕ್ಕಿ ಹೇಳ್ಬೇಕ್ರಿ?" ಸ್ಪಸೀಬ, ಥ್ಯಾಂಕ್ಸ್, ವಿಮಾನದಲ್ಲೇ ಕಲಿಯುತ್ತಾನೆ ಅಂದೆ. ಅಂಕಿಗಳನ್ನು ಮಾರ್ಕೆಟ್ ಕಲಿಸುತ್ತೆ. ಎರಡು ವಾಕ್ಯ ಮಾತ್ರ ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕವರಿನಲ್ಲಿ ಇಡೋಕೆ ಹೇಳಿದೆ. 'ಯಾ ನಿ ಪನಿಮಾಯು', ನನಗೆ ಅರ್ಥವಾಗುತ್ತಿಲ್ಲ. 'ಮ್ನ್ಯೆ ನೂಝೆನ್ ಪಿರಿವೋದ್ಚಿಕ್', ನನಗೆ ಬೇಕು ಅನುವಾದಕ. ಅವರು ಫೋನಿನಲ್ಲೇ ಒಂದೊಂದೇ ಅಕ್ಷರ ಕೇಳಿ ಬರಕೊಂಡರು. ಆಮೇಲೆ ಇಡೀ ಸಾಲು ನನಗೇ ಓದಿ ಒಪ್ಪಿಸಿದರು. 'ನೂಝೆನ್' ಅಲ್ಲಿ ಎಡವಿದರು, ಇನ್ನೊಂದು ಸಲ ಅಂದರು.