‘ಸಾಕು’ ಎಂಬುದನ್ನು ಮರೆತ ಜೀವಕೋಶ

ಬಿಸಿ ಕಾಫಿ ಗುಟುಕರಿಸಿ ಬಾಯಿ ಸುಟ್ಟುಕೊಂಡಿದ್ದೀರಾ ಮಕ್ಕಳೇ? ಎರಡು ದಿನ ಉರಿ. ವಾರ ಕಳೆದರೆ ಗಾಯ ಎಲ್ಲಿತ್ತೆಂದೇ ತಿಳಿಯುವುದಿಲ್ಲ. ಅಕ್ಕಪಕ್ಕದ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಆ ಜಾಗವನ್ನು ತುಂಬುತ್ತವೆ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ತುಂಬಿದ ಮೇಲೆ ನಿಲ್ಲಿಸುತ್ತವೆ. ಪಕ್ಕದ ಕೋಶ ಮೈಗೆ ತಾಗಿದರೆ ‘ಇನ್ನು ಜಾಗವಿಲ್ಲ, ಸಾಕು’ ಎಂದು ಅವಕ್ಕೆ ಗೊತ್ತಾಗುತ್ತದೆ.

ಈ ‘ಸಾಕು’ ಮರೆತ ಕೋಶವೇ ಕ್ಯಾನ್ಸರ್ ಕೋಶ. ಅದು ಹೊರಗಿನಿಂದ ಬಂದ ಹುಳುವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ನಮ್ಮದೇ ಮನೆಯ ಕೂಸು ದಾರಿ ತಪ್ಪಿದ ಹಾಗೆ.

ನಮ್ಮ ಬಹುತೇಕ ಕೋಶಗಳೊಳಗೆ ಡಿಎನ್‌ಎ ಎಂಬ ಪುಸ್ತಕವಿದೆ. ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಕೋಶ ಎರಡಾಗುವ ಮುನ್ನ ಅಷ್ಟನ್ನೂ ನಕಲು ಮಾಡಬೇಕು. ಕಾಪಿ ಬರೆಯುವಾಗ ನಿಮಗೆ ತಪ್ಪಾಗುವುದಿಲ್ಲವೇ? ಅಲ್ಲೂ ಆಗುತ್ತದೆ. ‘ನಿಲ್ಲು’ ಎಂದಿರುವಲ್ಲಿ ಒಂದಕ್ಷರ ಬದಲಾಗಿ ‘ಗೆಲ್ಲು’ ಎಂದಾದರೆ ಅರ್ಥವೇ ತಿರುಗುಮುರುಗು! 1982ರಲ್ಲಿ ವಿಜ್ಞಾನಿಗಳು ಮೂತ್ರಕೋಶದ ಕ್ಯಾನ್ಸರಿನಲ್ಲಿ ಕಂಡದ್ದು ಇದನ್ನೇ. ‘ರಾಸ್’ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಬೈಕಿನ ಆಕ್ಸಿಲರೇಟರ್ ಸಿಕ್ಕಿಕೊಂಡಂತೆ ಕೋಶಕ್ಕೆ ‘ಬೆಳೆ, ಬೆಳೆ’ ಎಂಬ ಅಪ್ಪಣೆ ನಿಲ್ಲದೆ ಹೋಗುತ್ತಿತ್ತು.

ಆದರೆ ಬ್ರೇಕ್ ಇದೆಯಲ್ಲ! ‘ಪಿ53’ ಎಂಬ ಕಾವಲುಗಾರ ತಪ್ಪು ಕಂಡರೆ ಕೋಶವನ್ನು ತಡೆಯುತ್ತಾನೆ, ರಿಪೇರಿಯಾಗದಿದ್ದರೆ ‘ನೀನು ಸಾಯಿ’ ಎನ್ನುತ್ತಾನೆ. ಕೋಶ ಸಾಯುತ್ತದೆ ಕೂಡ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ. ಇಂಥ ತಪ್ಪುಗಳು ಒಂದರ ಮೇಲೊಂದು ಸೇರಲು ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಕ್ಯಾನ್ಸರ್ ಹೆಚ್ಚಾಗಿ ಅಜ್ಜ-ಅಜ್ಜಿಯರ ವಯಸ್ಸಿನಲ್ಲಿ ಕಾಣಿಸುವುದು ಅದಕ್ಕೇ. ಮುಂದೆ ಆ ಕೋಶಗಳು ತಮಗಾಗಿಯೇ ಹೊಸ ರಕ್ತನಾಳ ಎಳೆದುಕೊಳ್ಳುತ್ತವೆ, ಗಡಿ ದಾಟಿ ಬೇರೆ ಅಂಗಗಳಲ್ಲೂ ಬೀಡುಬಿಡುತ್ತವೆ.

ನಮ್ಮಜ್ಜಿ ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಲವತ್ತು ವರ್ಷ, ಅದೇ ಕೆನ್ನೆ. ಆ ಜಾಗದ ಕೋಶಗಳಿಗೆ ದಿನವೂ ಗಾಯ, ದಿನವೂ ದುರಸ್ತಿ, ದಿನವೂ ನಕಲು. ಜೊತೆಗೆ ಹೊಗೆಸೊಪ್ಪಿನ ವಿಷಗಳು ಡಿಎನ್‌ಎಯ ಅಕ್ಷರಗಳನ್ನೇ ಕೆಡಿಸುತ್ತವೆ. (ಅಡಿಕೆಯೊಂದೇ ಆದರೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟದವರಿಗೆ ಬೇಸರವಾದೀತು. ನಾನೂ ತೋಟದ ಮನೆಯವನೇ.)

ಒಂದು ದಿನ ಅಜ್ಜಿ ಆಕಳಿಸಿದಾಗ ನನ್ನ ತಂಗಿ, ‘ಅಜ್ಜಿ, ಕೆನ್ನೆ ಒಳಗೆ ಬೆಳ್ಳಗೆ ಏನದು?’ ಎಂದಳು. ಉಜ್ಜಿದರೂ ಹೋಗದ ಬಿಳಿ ಮಚ್ಚೆ. ನೋವಿರಲಿಲ್ಲ, ಹಾಗಾಗಿ ಅಜ್ಜಿಗೆ ಅದರ ಪರಿವೆಯೇ ಇರಲಿಲ್ಲ. ಇಂಥ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಬೇಕು.

ವೈದ್ಯರು ಸಾಸಿವೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕೋಶಗಳು ಅಂಕೆ ತಪ್ಪಿದ್ದವು, ಆದರೆ ಕೆಳಗಿನ ಪೊರೆಯನ್ನು ಇನ್ನೂ ದಾಟಿರಲಿಲ್ಲ. ವೈದ್ಯರು ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದರು. ಹಿತ್ತಾಳೆಯ ಎಲೆಡಬ್ಬಿಯಲ್ಲಿ ಅಜ್ಜಿ ಈಗ ಲವಂಗ, ಸೋಂಪು ಇಟ್ಟುಕೊಂಡಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ತಂಗಿ ಟಾರ್ಚ್ ಹಿಡಿದು ‘ಆ ಅನ್ನಿ ಅಜ್ಜಿ’ ಎನ್ನುತ್ತಾಳೆ.